ಕಾಗದ ನಿರ್ಧರಿಸಿದ ಯಂತ್ರ: ಮನೆಯ ಫೋಟೊ ಪ್ರಿಂಟರ್ ಬಂದ ದಾರಿ

ಮೇಜಿನ ಮೂಲೆಯಲ್ಲಿ ಕೂರುವ ಪುಟ್ಟ ಫೋಟೊ ಪ್ರಿಂಟರ್ ಡಿಜಿಟಲ್ ಕಾಲದ ಕೂಸು. ಆದರೆ ಮನೆಯಲ್ಲೇ ಫೋಟೊ ಮುದ್ರಿಸಿಕೊಳ್ಳುವ ರೂಢಿ ಅದಕ್ಕಿಂತ ಬಹಳ ಹಳೆಯದು. 19ನೇ ಶತಮಾನದ ನಡುಭಾಗದ ಹವ್ಯಾಸಿಗಳು ಮೊಟ್ಟೆಯ ಲೋಳೆ ಬಳಿದು ಬೆಳ್ಳಿಯ ಲವಣದಲ್ಲಿ ಅದ್ದಿದ ಆಲ್ಬುಮೆನ್ ಕಾಗದವನ್ನು ಗಾಜಿನ ನೆಗೆಟಿವ್‌ಗೆ ಒತ್ತಿ, ಮರದ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಇಡುತ್ತಿದ್ದರು. ಚಿತ್ರ ನಿಧಾನವಾಗಿ ಮೂಡುತ್ತಿತ್ತು, ಮೋಡ ಕವಿದರೆ ಕೆಲಸ ಅಲ್ಲಿಗೆ ನಿಲ್ಲುತ್ತಿತ್ತು. ಈ ಬಿಸಿಲಿನ ಹಂಗನ್ನು ತಪ್ಪಿಸಿದ್ದು ಲಿಯೊ ಬೇಕ್‌ಲ್ಯಾಂಡ್ 1893ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ವೆಲಾಕ್ಸ್ ಕಾಗದ. ಮನೆಯ ಗ್ಯಾಸ್ ದೀಪದ ಬೆಳಕಿಗೇ ಅದರ ಮೇಲೆ ಚಿತ್ರ ಮೂಡಿಸಬಹುದಿತ್ತು. ಮುಂದೆ ಬೇಕಲೈಟ್ ಪ್ಲಾಸ್ಟಿಕ್‌ನಿಂದ ಲೋಕಪ್ರಸಿದ್ಧನಾದ ರಸಾಯನಶಾಸ್ತ್ರಜ್ಞ ಈತನೇ. 1899ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿ ವೆಲಾಕ್ಸನ್ನು ಕೊಂಡುಕೊಂಡಿತು.

ಅದೇ ಕಂಪನಿ ಅಷ್ಟರಲ್ಲಾಗಲೇ ಮನೆಯಲ್ಲೇ ಮುದ್ರಿಸುವುದಕ್ಕೆ ತದ್ವಿರುದ್ಧವಾದ ದಾರಿಯನ್ನೂ ತೆರೆದಿತ್ತು. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮಾರಾಟಕ್ಕಿಟ್ಟ ಕೊಡಾಕ್ ಕ್ಯಾಮೆರಾದ ಬೆಲೆ 25 ಡಾಲರ್. ಒಳಗಿನ ಫಿಲ್ಮಿನಲ್ಲಿ 100 ಚಿತ್ರ ತೆಗೆದಾದ ಮೇಲೆ ಇಡೀ ಕ್ಯಾಮೆರಾವನ್ನೇ ರೋಚೆಸ್ಟರ್ ಊರಿನ ಕಾರ್ಖಾನೆಗೆ ಕಳಿಸಿ 10 ಡಾಲರ್ ಕೊಟ್ಟರೆ, ದುಂಡನೆಯ ಪ್ರಿಂಟುಗಳ ಜೊತೆಗೆ ಹೊಸ ಫಿಲ್ಮು ತುಂಬಿದ ಕ್ಯಾಮೆರಾ ವಾಪಸು ಬರುತ್ತಿತ್ತು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾಕ್ಕೆ ಬರೀ ಒಂದು ಡಾಲರ್. ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಫಿಲ್ಮು, ಕಾಗದದಲ್ಲಿ ಕಾಸು ಮಾಡುವ ಲೆಕ್ಕಾಚಾರ ಅಲ್ಲಿಂದಲೇ ಶುರು. ಇಂದಿನ ಪುಟ್ಟ ಪ್ರಿಂಟರುಗಳೂ ಅದನ್ನೇ ಪಾಲಿಸುತ್ತಿವೆ.

ಕಪ್ಪು ಬಿಳುಪಿನ ಕಾಲದಲ್ಲಿ ಎರಡೂ ದಾರಿಗಳು ಜೊತೆಜೊತೆಗೇ ಸಾಗಿದವು. ಭಾರತದಲ್ಲಿ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಮನೆಮಾತಾಗಿದ್ದಾಗ ಒಂದು ರೋಲಿಗೆ 12 ಚೌಕ ಚಿತ್ರಗಳು. ಬಹಳ ಮಂದಿ ರೋಲನ್ನು ಸ್ಟುಡಿಯೊಗೆ ಕೊಟ್ಟು ತೊಳೆಸುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಅಷ್ಟೇ ಅಳತೆಯ, ಸುತ್ತ ಬಿಳಿ ಅಂಚಿನ ಪುಟಾಣಿ ಕಾಂಟ್ಯಾಕ್ಟ್ ಪ್ರಿಂಟುಗಳು ಇಂದಿಗೂ ಹಳೆಯ ಆಲ್ಬಂಗಳಲ್ಲಿವೆ. ಹುಚ್ಚು ಹೆಚ್ಚಿದವರು ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಹಚ್ಚಿ, ಡೆವಲಪರ್ ಮತ್ತು ಹೈಪೊ ತಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು ತಾವೇ ಪ್ರಿಂಟ್ ಹಾಕುತ್ತಿದ್ದರು. ಕಲರ್ ಬಂದ ಮೇಲೆ ಈ ಬಚ್ಚಲುಮನೆಯ ವಿದ್ಯೆ ಬಹುಮಟ್ಟಿಗೆ ಮೂಲೆ ಸೇರಿತು. ಕಲರ್ ನೆಗೆಟಿವ್ ತೊಳೆಯಲು ರಾಸಾಯನಿಕದ ಬಿಸಿ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು, ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ಕೆಡುತ್ತದೆ. ಕಲರ್ ಕಾಗದಕ್ಕೆ ಕೆಂಪು ಬಲ್ಬೂ ಆಗದು, ಹೆಚ್ಚುಕಡಿಮೆ ಪೂರ್ತಿ ಕತ್ತಲೆಯೇ ಬೇಕು. ಕೆಲಸವೆಲ್ಲ ಕಲರ್ ಲ್ಯಾಬುಗಳ ಪಾಲಾಯಿತು.

ಇದಕ್ಕೆ ಅಪವಾದವಾಗಿ ನಿಂತದ್ದು ಪೋಲರಾಯ್ಡ್. ಎಡ್ವಿನ್ ಲ್ಯಾಂಡ್‌ನ ಮೊದಲ ಕ್ಯಾಮೆರಾ 1948ರ ನವೆಂಬರ್‌ನಲ್ಲಿ ಬಾಸ್ಟನ್ ನಗರದ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಬಂತು. 1972ರ ಎಸ್ಎಕ್ಸ್-70 ಮಾದರಿಯಲ್ಲಿ ಚಿತ್ರ ಹೊರಬಂದು ಕಣ್ಣೆದುರೇ ಮೂಡತೊಡಗಿತು. ಇಡೀ ಡಾರ್ಕ್‌ರೂಮ್ ಕಾಗದದೊಳಗೇ ಅಡಗಿದ್ದದ್ದು ಅದರ ಚಮತ್ಕಾರ. ಕಂಪನಿ 2008ರಲ್ಲಿ ಫಿಲ್ಮು ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ, ಎಲ್ಲೆಡೆಯ ಗಟ್ಟಿಮುಟ್ಟಾದ ಕ್ಯಾಮೆರಾಗಳು ನಿಷ್ಪ್ರಯೋಜಕವಾಗುವ ಸ್ಥಿತಿ ಬಂತು. ನೆದರ್ಲೆಂಡ್ಸಿನ ಎನ್‌ಸ್ಕೆಡೆಯ ಕಾರ್ಖಾನೆಯ ಯಂತ್ರಗಳನ್ನು ಕೆಲವು ಉತ್ಸಾಹಿಗಳು ಕೊಂಡು ಫಿಲ್ಮನ್ನು ಮತ್ತೆ ತಯಾರಿಸಲು ಹೊರಟದ್ದರಿಂದಷ್ಟೇ ಅವು ಬದುಕಿಕೊಂಡವು.

ಮನೆಯ ಮೇಜಿನ ಮೇಲೆ ಮುದ್ರಣ ಮರಳಿ ಬಂದದ್ದರಲ್ಲಿ ಜಪಾನಿನ ಪಾಲು ದೊಡ್ಡದು. ಹೊಸವರ್ಷಕ್ಕೆ ಬಂಧುಮಿತ್ರರಿಗೆಲ್ಲ ಕಾರ್ಡು ಕಳಿಸುವುದು ಅಲ್ಲಿ ತಪ್ಪಿಸಲಾಗದ ಪದ್ಧತಿಯಾಗಿತ್ತು. 2004ರ ಹೊಸವರ್ಷಕ್ಕೆಂದು ಅಂಚೆ ಇಲಾಖೆ ಹೊರಡಿಸಿದ ಕಾರ್ಡುಗಳು 440 ಕೋಟಿಗೂ ಹೆಚ್ಚು. ಇಂಥ ನಾಡಿನಲ್ಲಿ ರಿಸೊ ಕಂಪನಿ 1977ರಲ್ಲಿ ಪ್ರಿಂಟ್ ಗೊಕ್ಕೊ ಎಂಬ ಪುಟ್ಟ ಯಂತ್ರ ತಂದಿತು. ಕಾರ್ಬನ್ ಇರುವ ಶಾಯಿಯಲ್ಲಿ ಬರೆದ ಚಿತ್ರದ ಮೇಲೆ ಪರದೆ ಇಟ್ಟು ಫ್ಲ್ಯಾಶ್ ಬಲ್ಬು ಉರಿಸಿದರೆ, ಗೆರೆ ಇದ್ದಲ್ಲೆಲ್ಲ ಪರದೆಯಲ್ಲಿ ರಂಧ್ರ ಬೀಳುತ್ತಿತ್ತು. ಆಮೇಲೆ ಬಣ್ಣ ಹಾಕಿ ಕಾರ್ಡಿನ ಮೇಲೆ ಒತ್ತುವುದಷ್ಟೇ. ಅದರಲ್ಲಿ ಛಾಯಾಚಿತ್ರದ ನವಿರು ಬಾರದಿದ್ದರೂ, ಅಂಚೆಕಾರ್ಡಿನಗಲದ ಚಿತ್ರವನ್ನು ಮನೆಮಂದಿಯೇ ಮುದ್ರಿಸಿಕೊಳ್ಳಬಹುದೆಂಬುದು ಲಕ್ಷಾಂತರ ಮನೆಗಳಲ್ಲಿ ಅಭ್ಯಾಸವಾಯಿತು.

ಫೋಟೊ ಗುಣಮಟ್ಟದ ಮುದ್ರಣಕ್ಕೆ ಎರಡು ತಂತ್ರಗಳು ಪೈಪೋಟಿಗಿಳಿದವು. ಮೊದಲನೆಯದು ಇಂಕ್‌ಜೆಟ್. ಕಾದ ಬೆಸುಗೆ ಕಡ್ಡಿ ಆಕಸ್ಮಿಕವಾಗಿ ಸಿರಿಂಜಿನ ಸೂಜಿಗೆ ತಾಗಿ ಶಾಯಿ ಚಿಮ್ಮಿದ್ದನ್ನು ಕಂಡು ಕ್ಯಾನನ್ ಕಂಪನಿಯವರು 1977ರಲ್ಲಿ ಈ ಜಾಡು ಹಿಡಿದರು ಎಂಬುದು ಕಂಪನಿಯೇ ಹೇಳುವ ಕತೆ. 1994ರ ಎಪ್ಸನ್ ಸ್ಟೈಲಸ್ ಕಲರ್ ಮಾದರಿಯು ಇಂಚಿಗೆ 720 ಚುಕ್ಕೆಗಳ ಸೂಕ್ಷ್ಮತೆಯನ್ನು ಮನೆಗೆ ತಂದಿತು. ಇಂಕ್‌ಜೆಟ್‌ನ ತೊಂದರೆ ಮನೆಯವರ ಸ್ವಭಾವದಲ್ಲೇ ಇದೆ. ಹಬ್ಬಕ್ಕೋ ಪ್ರವಾಸಕ್ಕೋ ಒಮ್ಮೆ ಮುದ್ರಿಸಿ ತಿಂಗಳುಗಟ್ಟಲೆ ಸುಮ್ಮನಿಟ್ಟರೆ ಶಾಯಿ ಒಣಗಿ ಕೂದಲೆಳೆಯಂಥ ನಳಿಗೆಗಳು ಕಟ್ಟಿಕೊಳ್ಳುತ್ತವೆ. ಅವನ್ನು ಶುಚಿ ಮಾಡುವುದರಲ್ಲೇ ದುಬಾರಿ ಶಾಯಿ ಅರ್ಧ ಖಾಲಿ.

ಎರಡನೆಯ ತಂತ್ರ ಡೈ ಸಬ್ಲಿಮೇಷನ್. ಇದರಲ್ಲಿ ದ್ರವವೇ ಇಲ್ಲ, ಒಣಗುವ ಭಯವೂ ಇಲ್ಲ. ಪರದೆಯ ಮೇಲಿನ ಚಿತ್ರವನ್ನು ಕಾಗದಕ್ಕಿಳಿಸಲು ಸೋನಿ ಕಂಪನಿ 1980ರ ದಶಕದಲ್ಲಿ ಇದರ ಮೇಲೆ ದುಡಿಯಿತು. ಸಾಮಾನ್ಯ ಮನೆಗಳಿಗೆ ಅದು ಇಳಿದದ್ದು 2000ರ ಬಳಿಕ, ಡಿಜಿಟಲ್ ಕ್ಯಾಮೆರಾ ಅಗ್ಗವಾದಾಗ. 2003ರಲ್ಲಿ ಪಿಕ್ಟ್‌ಬ್ರಿಜ್ ಎಂಬ ಸಮಾನ ಮಾನದಂಡ ಜಾರಿಗೆ ಬಂದು, ಯಾವ ಕಂಪನಿಯ ಕ್ಯಾಮೆರಾವನ್ನಾದರೂ ಕಂಪ್ಯೂಟರಿಲ್ಲದೆ ಪ್ರಿಂಟರಿಗೆ ಜೋಡಿಸುವಂತಾಯಿತು. 2004ರಲ್ಲಿ ಕ್ಯಾನನ್ ತನ್ನ ಪುಟ್ಟ ಪ್ರಿಂಟರುಗಳಿಗೆ ಸೆಲ್ಫಿ ಎಂಬ ಹೆಸರಿಟ್ಟಿತು. ಮೊಬೈಲಿನಲ್ಲಿ ತಮ್ಮನ್ನು ತಾವೇ ತೆಗೆದುಕೊಳ್ಳುವ ಚಟ ಅಂಟಿಕೊಂಡದ್ದು ಬಹಳ ಆಮೇಲೆ. ಅದೇ ವರ್ಷ ಎಪ್ಸನ್ ಪಿಕ್ಚರ್‌ಮೇಟ್ ಎಂಬ ಕೈಹಿಡಿಯುಳ್ಳ ಇಂಕ್‌ಜೆಟ್ ಪೆಟ್ಟಿಗೆಯನ್ನು ಎದುರು ನಿಲ್ಲಿಸಿತು.

ಡೈ ಸಬ್ಲಿಮೇಷನ್ ತಂತ್ರದ ಸೆಲ್ಫಿ ಯಂತ್ರ ಕೆಲಸ ಮಾಡುವುದನ್ನು ನೋಡುವುದೇ ಒಂದು ಮೋಜು. ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ: ಮೊದಲು ಹಳದಿ, ಮೇಲೆ ಮಜೆಂಟಾ, ಅದರ ಮೇಲೆ ಸಯಾನ್, ಕೊನೆಗೆ ಬಣ್ಣವಿಲ್ಲದ ರಕ್ಷಾಪದರ. ರಿಬ್ಬನ್ ಮೇಲಿನ ಘನ ಬಣ್ಣ ಶಾಖಕ್ಕೆ ಹಾರಿ ಕಾಗದದೊಳಗೆ ಇಂಗುತ್ತದೆ. ಶಾಖ ಹೆಚ್ಚಿದಷ್ಟೂ ಬಣ್ಣ ಗಾಢ. ಹಾಗಾಗಿ ಇಂಚಿಗೆ 300 ಚುಕ್ಕೆಗಳಷ್ಟೇ ಇದ್ದರೂ ಚರ್ಮದ ಬಣ್ಣ ನಯವಾಗಿ ಬರುತ್ತದೆ. ಕೊನೆಯ ಪದರದಿಂದಾಗಿ ನೀರಿನ ಹನಿ, ಬೆರಳ ಗುರುತು ಸುಲಭಕ್ಕೆ ಅಂಟುವುದಿಲ್ಲ. ಕಾಗದದ ಅಳತೆ 100×148 ಮಿಲಿಮೀಟರ್, ಅದೇ ಜಪಾನಿನ ಅಂಚೆಕಾರ್ಡಿನ ಅಳತೆ. ಪ್ರತಿ ಚಿತ್ರಕ್ಕೂ ರಿಬ್ಬನ್ನಿನ ಒಂದು ಪೂರ್ತಿ ಸರದಿ ಖರ್ಚು, ಚಿತ್ರದಲ್ಲಿ ಬರೀ ಬಿಳಿ ಗೋಡೆ ಇದ್ದರೂ ಅಷ್ಟೇ. ಲೆಕ್ಕ ಹಾಕಲು ಇದು ಅನುಕೂಲ: 108 ಹಾಳೆಯ ಕಟ್ಟಿನಲ್ಲಿ 36 ಚಿತ್ರಗಳ ಮೂರು ರಿಬ್ಬನ್. ಬಳಸಿದ ರಿಬ್ಬನ್ನನ್ನು ಬೆಳಕಿಗೆ ಹಿಡಿದರೆ ಮುದ್ರಿಸಿದ ಮುಖಗಳ ನೆಗೆಟಿವ್ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆಂಬುದು ಕಸಕ್ಕೆ ಎಸೆಯುವ ಮುನ್ನ ನೆನಪಿಡತಕ್ಕ ಸಂಗತಿ.

ಜೇಬಿಗೆ ಹಿಡಿಸುವ ಪ್ರಿಂಟರುಗಳು ಇನ್ನೂ ಈಚಿನವು. ಪೋಲರಾಯ್ಡ್ ಪ್ರಯೋಗಾಲಯದಲ್ಲಿ ಹುಟ್ಟಿ ಬೇರೆ ಕಂಪನಿಯಾದ ಜಿಂಕ್, ಬಣ್ಣದ ಹರಳುಗಳ ಮೂರು ಪದರಗಳನ್ನು ಕಾಗದದಲ್ಲೇ ಹುದುಗಿಸಿತು. ತಾಪವೆಷ್ಟು, ಎಷ್ಟು ಹೊತ್ತು ಎಂಬುದರ ಮೇಲೆ ಬೇರೆ ಬೇರೆ ಬಣ್ಣ ಏಳುತ್ತದೆ. 2008ರ ಪೋಲರಾಯ್ಡ್ ಪೋಗೊ ಈ 2×3 ಇಂಚಿನ ಕಾಗದವನ್ನೇ ಬಳಸಿತು. ಫ್ಯೂಜಿಫಿಲ್ಮ್ 2014ರಲ್ಲಿ ತಂದ ಇನ್‌ಸ್ಟಾಕ್ಸ್ ಶೇರ್, ಮೊಬೈಲಿನ ಚಿತ್ರವನ್ನು ನಿಜವಾದ ಇನ್‌ಸ್ಟಂಟ್ ಫಿಲ್ಮಿನ ಮೇಲೆ ಬೆಳಕಿನಿಂದ ಬರೆಯುತ್ತದೆ. ಚಿತ್ರದ ಜಾಗ 62×46 ಮಿಲಿಮೀಟರ್. ಬಣ್ಣದ ನಿಷ್ಠೆಯಲ್ಲಿ ಜಿಂಕ್ ಡೈ ಸಬ್ಲಿಮೇಷನ್‌ಗೆ ಸಾಟಿಯಲ್ಲ. ಇನ್‌ಸ್ಟಾಕ್ಸ್‌ನ ಮಂಕು ಛಾಯೆಗೆ ಮಾತ್ರ ಅದರದೇ ಅಭಿಮಾನಿಗಳಿದ್ದಾರೆ. ಗೆಳೆಯರ ಕೂಟದಲ್ಲಿ ಹಂಚಲು ಎರಡೂ ಸರಿ, ಆಲ್ಬಂ ಕಟ್ಟುವವರಿಗೆ ತೀರಾ ಕಿರಿದು.

ಈ ಚರಿತ್ರೆ ತಿಳಿದವರು ಪ್ರಿಂಟರ್ ಕೊಳ್ಳುವಾಗ ಯಂತ್ರದ ಬೆಲೆಗಿಂತ ಮೊದಲು ಕಾಗದದ ಬೆಲೆ ಕೇಳುತ್ತಾರೆ, ಅದು ತಮ್ಮ ಊರಿನಲ್ಲಿ ಸಿಗುತ್ತದೆಯೇ, ಇನ್ನೆಷ್ಟು ವರ್ಷ ಸಿಗಬಹುದು ಎಂದು ವಿಚಾರಿಸುತ್ತಾರೆ. ಒಂದು ಕಂಪನಿಯ ಪುಟ್ಟ ಪ್ರಿಂಟರಿಗೆ ಇನ್ನೊಂದರ ರಿಬ್ಬನ್ ಕೂರುವುದಿಲ್ಲ. ಪೋಲರಾಯ್ಡ್ ಕ್ಯಾಮೆರಾಗಳಿಗೆ ಒದಗಿದ ಗತಿಯೇ ಪ್ರಿಂಟ್ ಗೊಕ್ಕೊಗೂ ಬಂತು: ಯಂತ್ರದ ಮಾರಾಟ 2008ರಲ್ಲಿ ನಿಂತಿತು, ಬಲ್ಬು, ಪರದೆಗಳ ಪೂರೈಕೆ 2012ರಲ್ಲಿ ಕೊನೆಗೊಂಡಿತು. ನೂರಾರು ಚಿತ್ರಗಳನ್ನು ಒಟ್ಟಿಗೆ ಹಾಕಿಸುವವರಿಗೆ ಕರ್ನಾಟಕದ ಪಟ್ಟಣಗಳಲ್ಲಿ ಇಂದಿಗೂ ಕಲರ್ ಲ್ಯಾಬೇ ಅಗ್ಗ. ಮನೆಯ ಯಂತ್ರ ನಿಜಕ್ಕೂ ಉಪಯೋಗಕ್ಕೆ ಬರುವುದು ಚಿಲ್ಲರೆ ಕೆಲಸಗಳಿಗೆ. ಶಾಲೆಯ ಅರ್ಜಿಗೆ ರಾತ್ರೋರಾತ್ರಿ ಬೇಕಾದ ಪಾಸ್‌ಪೋರ್ಟ್ ಸೈಜಿನ ಫೋಟೊಗಳು ಅಂಥವು. 35×45 ಮಿಲಿಮೀಟರಿನವು ಅಂಚೆಕಾರ್ಡಿನಗಲದ ಒಂದು ಹಾಳೆಯಲ್ಲಿ ಎಂಟು ಹಿಡಿಸುತ್ತವೆ.