ಕ್ರಾಮ್‌ವೆಲ್ ರಸ್ತೆಯ ಸಲಹಾ ಕಚೇರಿ

ವಿದ್ಯಾರ್ಜನೆಗೆಂದು ಇಂಗ್ಲೆಂಡಿಗೆ ಹೋದ ಭಾರತೀಯ ತರುಣರಿಗೆ ಅಲ್ಲಿನ ಕಾಲೇಜು, ವಸತಿ, ನಡೆನುಡಿಗಳನ್ನು ಪರಿಚಯಿಸುವ ಹೊಣೆ ಮೊದಲು ಖಾಸಗಿ ಸಂಘಗಳದಾಗಿತ್ತು. 1870ರಲ್ಲಿ ಮೇರಿ ಕಾರ್ಪೆಂಟರ್ ಬ್ರಿಸ್ಟಲಿನಲ್ಲಿ ಸ್ಥಾಪಿಸಿದ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಅವುಗಳಲ್ಲೊಂದು. ಸರಕಾರವು ಲೀ-ವಾರ್ನರ್ ಸಮಿತಿಯನ್ನು ನೇಮಿಸಿದುದು 1907ರಲ್ಲಿ. ಆ ಸಮಿತಿಯ ಸದಸ್ಯ ಕರ್ಜನ್ ವೈಲಿಯನ್ನು 1909ರ ಜುಲೈ 1ರಂದು ಲಂಡನ್ನಿನಲ್ಲಿ, ಇದೇ ಅಸೋಸಿಯೇಷನ್ನಿನ ಸಂತೋಷಕೂಟದಲ್ಲಿಯೇ, ವಿದ್ಯಾರ್ಥಿ ಮದನಲಾಲ್ ಧಿಂಗ್ರಾ ಗುಂಡಿಟ್ಟು ಕೊಂದನು. ಅಲ್ಲಿಂದ ಮುಂದೆ ಹಿತಚಿಂತನೆ ಯಾವುದು, ಕಾವಲು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟವಾಯಿತು. 1909ರಲ್ಲಿ ಸರಕಾರ ತೆರೆದ ಸಲಹಾ ಕಚೇರಿಯು ಮರುವರ್ಷ ಕ್ರಾಮ್‌ವೆಲ್ ರಸ್ತೆಯ 21ನೆಯ ಮನೆಗೆ ಬಂದಾಗ, ಅನೇಕ ವಿದ್ಯಾರ್ಥಿಗಳು ಅದನ್ನು ಗೂಢಚಾರರ ಠಾಣೆಯೆಂದೇ ಬಗೆದರು. ಲೆಕ್ಕಪತ್ರ ತೋರಿಸದ ಸಂಸ್ಥೆಯನ್ನು ಶಂಕಿಸಿದುದು ತಪ್ಪೆಂದು ಬ್ಯಾಂಕಿನವನಾದ ನಾನಂತೂ ಹೇಳಲಾರೆ. ಲೀ-ವಾರ್ನರ್ ವರದಿಯು ಅಚ್ಚಾಗಿ ಹೊರಬಂದುದೇ 1922ರಲ್ಲಿ, ಲಿಟ್ಟನ್ ಸಮಿತಿಯ ವರದಿಗೆ ಅನುಬಂಧವಾಗಿ.