ದ್ರಾವಿಡ ಪಡೆಯ ಆಯುಧಗಳು: ಗಣಕಯಂತ್ರದ ಯುದ್ಧಕ್ರೀಡೆ ಮತ್ತು ಮಧ್ಯಕಾಲೀನ ಕನ್ನಡ ಆಕರಗಳು

ವೀರಗಲ್ಲು ಶಾಸನಗಳ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ನಮ್ಮ ವೀರರು ಉರುಮಿ ಹಿಡಿದು ಕಾದುತ್ತಿದ್ದರಲ್ಲವೇ?" ಎಂದು ಕೇಳಿದನು. ಈ ತಿಳಿವಳಿಕೆ ಎಲ್ಲಿಂದ ಬಂದಿತೆಂದು ವಿಚಾರಿಸಲಾಗಿ, 'ಏಜ್ ಆಫ್ ಎಂಪೈರ್ಸ್' ಎಂಬ ಗಣಕಯಂತ್ರದ ಕ್ರೀಡೆಯಿಂದ ಎಂಬುದು ತಿಳಿದುಬಂದಿತು. ಮಧ್ಯಕಾಲದ ಯೋಧನ ಮೊದಲ ದರ್ಶನವನ್ನು ಇಂದಿನ ತರುಣರು ಪಂಪನಲ್ಲಾಗಲಿ ಹಳೇಬೀಡಿನ ಭಿತ್ತಿಯಲ್ಲಾಗಲಿ ಪಡೆಯದೆ ಇಂತಹ ಕ್ರೀಡೆಗಳಲ್ಲಿ ಪಡೆಯುತ್ತಿರುವಾಗ, ಅಲ್ಲಿನ ಆಯುಧ ಮತ್ತು ಕವಚಗಳನ್ನು ನಮ್ಮ ಆಕರಗಳೊಡನೆ ಇಟ್ಟು ನೋಡುವುದು ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಅನುಚಿತವೆನಿಸಲಿಲ್ಲ.

ಈ ಕ್ರೀಡಾಸರಣಿಯ ಎರಡನೆಯ ಭಾಗವು 1999ರಲ್ಲಿ ಪ್ರಕಟವಾಯಿತು. ಆಗ ಅದರಲ್ಲಿ ಭಾರತಕ್ಕೆ ಸ್ಥಾನವಿರಲಿಲ್ಲ. 2013ರ ವಿಸ್ತರಣೆಯಲ್ಲಿ 'ಇಂಡಿಯನ್ಸ್' ಎಂಬ ಒಂದೇ ಹೆಸರಿನಡಿ ಇಡೀ ದೇಶ ಸೇರಿತು. 2022ರ ಏಪ್ರಿಲ್‌ನಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ವಿಸ್ತರಣೆಯು ಇದನ್ನು ಒಡೆದು, ದಕ್ಷಿಣದವರನ್ನು 'ದ್ರವಿಡಿಯನ್ಸ್' ಎಂದು ಬೇರ್ಪಡಿಸಿತು. ಇವರಿಗೆ ವಿಶಿಷ್ಟವಾಗಿ ಕೊಟ್ಟದ್ದು ಉರುಮಿಯ ಕಾಲಾಳು ಹಾಗೂ 'ವೂಟ್ಸ್ ಸ್ಟೀಲ್' ಎಂಬ ವಿದ್ಯೆ. ಆನೆಗಳು ಉಂಟು, ಆದರೆ ಭಾರಿ ಕವಚದ ರಾವುತರು ಇಲ್ಲ. ಇವರ ಮಾತು ತಮಿಳು. ಕಥಾನಾಯಕ ರಾಜೇಂದ್ರ ಚೋಳ. ಕನ್ನಡಿಗರು ಈ ಹೆಸರಿನೊಳಗೆ ಎಲ್ಲೋ ಅಡಗಿದ್ದಾರೆಂದು ಊಹಿಸಿಕೊಳ್ಳಬೇಕು. 1054ರ ಕೊಪ್ಪಂ ಕಾಳಗದಲ್ಲಿ ಚೋಳ ರಾಜಾಧಿರಾಜನು ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಪಡೆಯೊಡನೆ ಕಾದುತ್ತ ಮಡಿದನು. ಆ ಎರಡು ಪಕ್ಷಗಳಿಗೂ ಒಂದೇ ಹೆಸರು ಸಲ್ಲುವುದೆಂದರೆ ಅವರು ಒಪ್ಪುತ್ತಿದ್ದರೆಂದು ನಮಗೆ ತೋರುವುದಿಲ್ಲ. ಆಯುಧಗಳ ಮಟ್ಟಿಗಾದರೆ ಇದು ಅಷ್ಟು ದೊಡ್ಡ ಪ್ರಮಾದವಲ್ಲ. ನೆರೆಹೊರೆಯ ಪಡೆಗಳು ಪರಸ್ಪರರ ಕತ್ತಿಗಳನ್ನು ಬೇಗ ಕಲಿಯುತ್ತವೆ.

ಮೊದಲು ಉರುಮಿಯ ವಿಷಯ. ಬಾಗುವ ಪಟ್ಟಿಯಂತಿರುವ ಈ ಕತ್ತಿ ಇಂದು ನಮಗೆ ಪರಿಚಿತವಾಗಿರುವುದು ಕೇರಳದ ಕಳರಿ ಪರಂಪರೆಯಿಂದ. ಬೀಸುವವನ ಸುತ್ತ ಹಲವು ಮೊಳ ಬಯಲು ಇರಬೇಕು. ಹೆಗಲಿಗೆ ಹೆಗಲು ತಾಗಿಸಿ ನಿಂತ ಸಾಲಿನಲ್ಲಿ ಅದು ಶತ್ರುವಿಗಿಂತ ಮೊದಲು ಪಕ್ಕದವನನ್ನೇ ಕೊಯ್ದೀತು. ಒಂಟಿ ವೀರನ ಆಯುಧವನ್ನು ಪಡೆಯ ಆಯುಧವನ್ನಾಗಿ ಮಾಡಿರುವುದು ಇಲ್ಲಿನ ತಪ್ಪು. ನಾವು ನೋಡಿರುವ ವೀರಗಲ್ಲುಗಳಲ್ಲಿ ಉರುಮಿ ಕಂಡುಬಂದಿಲ್ಲ.

ಹಾಗಾದರೆ ಕಂಡುಬರುವುದೇನು? ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಗಂಗರ ಕಾಲದ ವೀರಗಲ್ಲನ್ನು ನೋಡಬಹುದು. ತುಂಬೆಪಾಡಿಯ ಕಾಳಗದಲ್ಲಿ ಬಿದ್ದ ನಾಗತ್ತರನ ಸ್ಮಾರಕವಿದು. ಆನೆ, ಕುದುರೆ, ಕಾಲಾಳುಗಳು ಒಂದರೊಳಗೊಂದು ಹೊಕ್ಕಂತೆ ಕಲ್ಲಿನ ತುಂಬ ಕಿಕ್ಕಿರಿದಿದ್ದಾರೆ; ಬಿಲ್ಲು, ಕತ್ತಿ, ಹರಿಗೆಗಳು ಎಲ್ಲೆಡೆ ಕಾಣುತ್ತವೆ. ಆದರೆ ಇಷ್ಟು ದೊಡ್ಡ ಕಾಳಗವನ್ನು ತೋರಿಸುವ ಕಲ್ಲುಗಳು ವಿರಳ. ತುರುಗೋಳಿನಲ್ಲಿ, ಊರಳಿವಿನಲ್ಲಿ ಮಡಿದವರ ಕಲ್ಲುಗಳು ಊರೂರಿನಲ್ಲಿವೆ. ಅಲ್ಲಿನ ವೀರನು ಸೊಂಟಕ್ಕೆ ಬಿಗಿದ ಚಲ್ಲಣ, ಕಟ್ಟಿದ ತುರುಬು, ನಡುವಿನಲ್ಲೊಂದು ಸುರಗಿ, ಕೈಯಲ್ಲಿ ಬಿಲ್ಲು ಅಥವಾ ನೇರವಾದ ಕತ್ತಿ ಇಷ್ಟರಿಂದಲೇ ನಿಂತಿದ್ದಾನೆ. ಕವಚವೆಂಬುದೇ ಇಲ್ಲ. ಶಿಲ್ಪಿಯು ದೇಹದ ಸೌಷ್ಠವವನ್ನು ತೋರಿಸಲೆಂದು ಕವಚವನ್ನು ಬಿಟ್ಟಿರಬಹುದೆಂಬ ಆಕ್ಷೇಪ ನ್ಯಾಯವಾದುದೇ. ಆದರೂ ದನಗಳ ಬೆನ್ನಟ್ಟಿ ಓಡಿದ ಊರಗೌಡನ ಮಗನಿಗೆ ಲೋಹದ ಅಂಗಿ ಎಲ್ಲಿಂದ ಬಂದೀತು? 1999ರ ಕ್ರೀಡೆಯು ಯೂರೋಪಿನ ಕಾಲಾಳುವಿನ ರೂಪವನ್ನೇ ಎಲ್ಲ ನಾಡುಗಳ ಪಡೆಗೂ ತೊಡಿಸಿತ್ತೆಂಬುದನ್ನು ಇದರೊಡನೆ ಹೋಲಿಸಬಹುದು.

ಕಾವ್ಯಗಳನ್ನು ಆಕರವಾಗಿ ಬಳಸುವಲ್ಲಿ ಇನ್ನೂ ಎಚ್ಚರ ಬೇಕು. 941ರ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ ಪಂಪನು ಸ್ವತಃ ಕಲಿ. ಅವನ ಆಶ್ರಯದಾತ ಅರಿಕೇಸರಿಯ ರಾಜಧಾನಿ ವೇಮುಲವಾಡ ನಾವಿರುವ ಈ ತೆಲಂಗಾಣದಲ್ಲೇ ಇದೆ. ಆದರೂ ಮಹಾಭಾರತದ ದಿವ್ಯಾಸ್ತ್ರಗಳನ್ನು ಅರಿಕೇಸರಿಯ ಆಯುಧಾಗಾರದ ಪಟ್ಟಿಯೆಂದು ಓದಲಾಗದು. ಕಾವ್ಯದಲ್ಲಿ ನಂಬಬಹುದಾದುದು ವಸ್ತುವಿಗಿಂತ ಹೆಚ್ಚಾಗಿ ಶಬ್ದ. ಸುರಗಿ, ಸಬಳ, ಕಕ್ಕಡೆ, ಲೌಡಿ, ಹರಿಗೆ, ಜೋಡು ಎಂಬ ಮಾತುಗಳು ಕುಮಾರವ್ಯಾಸನಲ್ಲಿ ಬಂದಾಗ ಅವು ಕವಿಯ ಕಾಲದ ಬೀದಿಯಲ್ಲಿ ಓಡಾಡುತ್ತಿದ್ದ ಮಾತುಗಳೆಂದು ಹೇಳಬಹುದು. ಕ್ರೀಡೆಯು ಯೋಧನಿಗೆ ಎರಡು ಬಗೆಯ ರಕ್ಷಣೆಯನ್ನು ಅಂಕಿಗಳಲ್ಲಿ ಕೊಡುತ್ತದೆ: ಕೈಯಾರೆ ಹೊಡೆಯುವ ಪೆಟ್ಟಿಗೆ ಒಂದು, ದೂರದಿಂದ ಬರುವ ಬಾಣಕ್ಕೆ ಒಂದು. ಆಯುಧಗಳನ್ನು ಮುಕ್ತ, ಅಮುಕ್ತ ಎಂದು ವಿಂಗಡಿಸಿದ ನಮ್ಮ ಧನುರ್ವೇದದ ಪರಂಪರೆಗೆ ಇದು ಅಪರಿಚಿತವಲ್ಲವೆಂಬುದು ಕುತೂಹಲಕರ.

ಕುದುರೆಯ ವಿಷಯದಲ್ಲಿ ಕ್ರೀಡೆಯ ನಿರ್ಣಯ ನಮ್ಮ ಆಕರಗಳಿಗೆ ಹೆಚ್ಚು ವಿರುದ್ಧವಾಗಿದೆ. ಆನೆಯುಳ್ಳವನು ಗಜಪತಿ, ಕುದುರೆಯುಳ್ಳವನು ಅಶ್ವಪತಿ, ಕಾಲಾಳುಳ್ಳವನು ನರಪತಿ ಎಂಬ ಹಳೆಯ ವಿಂಗಡಣೆಯಲ್ಲಿ ವಿಜಯನಗರದ ಅರಸನು ನರಪತಿ. ಕ್ರೀಡೆ ರೂಪಿಸಿದವರ ಮನಸ್ಸಿನಲ್ಲೂ ಇಂತಹದೇ ಭಾವನೆಯಿದ್ದಂತಿದೆ. ಆದರೆ ಬಿರುದು ಬೇರೆ, ಲಾಯ ಬೇರೆ. ಹೊಯ್ಸಳ ಶಿಲ್ಪಗಳಲ್ಲಿನ ಯುದ್ಧ ಸಾಮಗ್ರಿಯನ್ನು ಪರಿಶೀಲಿಸಿ ಫ್ರೆಂಚ್ ವಿದ್ವಾಂಸ ಜ್ಯಾಂ ದೆಲೋಷ್ 1989ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಹಲ್ಲಣವನ್ನೂ ಸವಾರನ ಕಾಲಿಗೆ ಆಸರೆಯಾದ ಅಂಕವಣಿಯನ್ನೂ, ಅಂದರೆ ರಿಕಾಪನ್ನೂ, ಆ ಶಿಲ್ಪಗಳಲ್ಲಿ ಕಾಣಬಹುದು. ಅಂಕವಣಿಯಿಲ್ಲದ ರಾವುತನು ಈಟಿಯಿಂದ ಬಲವಾಗಿ ತಿವಿಯುವುದು ಕಷ್ಟ. ಇದ್ದವನ ಬಲವೇ ಬೇರೆ. ಮುಂದೆ ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಬರೆದಿದ್ದಾನೆ. ಅಂಕಿಯಲ್ಲಿ ಉತ್ಪ್ರೇಕ್ಷೆಯಿರಬಹುದು; ಹಾರ್ಮುಜ್‌ನ ವ್ಯಾಪಾರ ಉತ್ಪ್ರೇಕ್ಷೆಯಲ್ಲ.

1520ರ ಸುಮಾರಿಗೆ ಬಂದ ಪೇಸ್, ಕೃಷ್ಣದೇವರಾಯನ ಸೇನಾ ಪರಿಶೀಲನೆಯನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಕುದುರೆಗಳಿಗೆ ಮೈಮುಚ್ಚುವ ಹೊದಿಕೆ, ಹಣೆಗೆ ಲೋಹದ ಫಲಕ. ರಾವುತರಿಗೆ ಗಟ್ಟಿ ತೊಗಲಿನ ಪದರಗಳಿಗೆ ಕಬ್ಬಿಣದ ತುಂಡುಗಳನ್ನು ಸೇರಿಸಿ ಹೊಲಿದ ಅಂಗಿ, ಕೊರಳನ್ನೂ ಮುಚ್ಚುವ ಶಿರಸ್ತ್ರಾಣ. ಇದು ಮೆರವಣಿಗೆಯ ವೇಷವೆಂಬುದನ್ನು ಮರೆಯಬಾರದು. ಆದರೂ ಕವಚ ತೊಟ್ಟ ದಕ್ಷಿಣದ ರಾವುತನೇ ಇರಲಿಲ್ಲವೆನ್ನಲು ಈ ಸಾಕ್ಷ್ಯ ಅಡ್ಡಬರುತ್ತದೆ. ಆ ಪರಿಶೀಲನೆಯಲ್ಲಿ ಕೋವಿ ಹಿಡಿದವರೂ ಇದ್ದರು. 1520ರ ರಾಯಚೂರಿನ ಮುತ್ತಿಗೆಯಲ್ಲಿ ಪೋರ್ಚುಗೀಸ್ ಕೋವಿಗಾರರ ನೆರವೂ ದೊರೆಯಿತು.

ಕ್ರೀಡೆಯವರು ಸರಿಯಾಗಿ ಹಿಡಿದದ್ದು ಉಕ್ಕನ್ನು. ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ 1795ರಲ್ಲಿ ಸಲ್ಲಿಸಿದ ಪ್ರಬಂಧದಿಂದ ಪ್ರಚಾರಕ್ಕೆ ಬಂದ 'ವೂಟ್ಸ್' ಎಂಬ ಶಬ್ದವು ಕನ್ನಡದ 'ಉಕ್ಕು' ಎಂಬುದರ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ತೆಲುಗಿನಲ್ಲಿಯೂ ಅದೇ ಶಬ್ದವಿರುವುದರಿಂದ ನಾವು ಕನ್ನಡದವರು ಒಬ್ಬರೇ ಹಕ್ಕು ಸಾಧಿಸುವುದು ಬೇಡ. ಹೈದರಾಬಾದಿನಲ್ಲಿ ಕುಳಿತು ಬರೆಯುವವರಂತೂ ಅದನ್ನು ಮಾಡಲಾಗದು. ನಿಜಾಮಾಬಾದ್ ಸೀಮೆಯ ಕೋನಸಮುದ್ರಂ ಈ ಉಕ್ಕಿನ ಹೆಸರಾಂತ ನೆಲೆಗಳಲ್ಲೊಂದು. ಅಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ಕರಗಿಸುವ ಕ್ರಮವನ್ನು ಕಂಡು ವಾಯ್ಸಿ ಬರೆದ ವರದಿ ಅವನ ಮರಣಾನಂತರ 1832ರಲ್ಲಿ ಪ್ರಕಟವಾಯಿತು. ಪರ್ಷಿಯಾದ ವರ್ತಕರು ಅಷ್ಟು ದೂರದಿಂದ ಬಂದು ಇಲ್ಲಿನ ಉಕ್ಕಿನ ಗಟ್ಟಿಗಳನ್ನು ಕೊಳ್ಳುತ್ತಿದ್ದರು.

ಆದರೆ ಕ್ರೀಡೆಯಲ್ಲಿ ಈ ವಿದ್ಯೆ ಕೈವಶವಾದೊಡನೆ ದ್ರಾವಿಡ ಕಾಲಾಳು ಮತ್ತು ಸವಾರರ ಪೆಟ್ಟಿಗೆ ಎದುರಾಳಿಯ ಕವಚವೇ ಇಲ್ಲದಂತಾಗುತ್ತದೆ. ಉಕ್ಕಿನ ಗುಣ ಅಲಗಿನ ಹರಿತದಲ್ಲೂ ಅದು ಬಾಳುವುದರಲ್ಲೂ ಇದೆ. ಕೊಂಡಿಗಳ ಜೋಡನ್ನು ಕಡಿತದಿಂದ ಭೇದಿಸುವುದರಲ್ಲಿ ಅಲ್ಲ. ಅದಕ್ಕೆ ಲೌಡಿ ಬೇಕು, ಇಲ್ಲವೆ ತುದಿ ದಪ್ಪಗಾದ ಕಠಾರಿ ಬೇಕು. ಅಲ್ಲದೆ ಇಂತಹ ಉಕ್ಕು ಬೆಲೆಬಾಳುವ ವಸ್ತು. ದೊರೆಯ ಸೊಂಟದಲ್ಲಿದ್ದುದು ಸಾಮಾನ್ಯ ಆಳಿನ ಕೈಯಲ್ಲೂ ಇದ್ದಿತೆಂದು ತಿಳಿಯಲು ಆಧಾರವಿಲ್ಲ.

ಚಿತ್ರಕಾರರು ಮಾದರಿಗಾಗಿ ಎಲ್ಲಿಗೆ ಹೋಗುತ್ತಾರೆಂಬ ಪ್ರಶ್ನೆಯೂ ಇದೆ. ನಮ್ಮ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಆಯುಧಶಾಲೆಯಂತಹ ಕಡೆ ಉಳಿದುಬಂದಿರುವುದು ಬಹುಪಾಲು ಮೊಗಲರ ಕಾಲದ ಮತ್ತು ಅನಂತರದ ಸಾಮಗ್ರಿ. ಬಾಗಿದ ತಲವಾರು, ಕೊಂಡಿಗಳ ಅಂಗಿಗೆ ಕೂಡಿಸಿದ ಎದೆಫಲಕ ಇವು ಕಣ್ಣಿಗೆ ಸುಲಭವಾಗಿ ಸಿಗುತ್ತವೆ. ಇವುಗಳನ್ನೇ 11ನೆಯ ಶತಮಾನದ ಯೋಧನ ಮೈಮೇಲೆ ಹೊದಿಸಿಬಿಡುವ ಆಮಿಷ ಸಹಜ. ಉರುಮಿಯ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಈಗ ಹಜಾರರಾಮ ದೇವಾಲಯದ ಹೊರಗೋಡೆಯ ಕುದುರೆ ಹಾಗೂ ಕಾಲಾಳುಗಳ ಸಾಲುಗಳಲ್ಲಿ ಯಾವ ಆಯುಧ ಎಷ್ಟು ಬಾರಿ ಬಂದಿದೆ ಎಂದು ಪಟ್ಟಿ ಮಾಡುವ ಕೆಲಸವನ್ನು ಒಪ್ಪಿಸಿದ್ದೇವೆ. ಕ್ರೀಡೆಯಲ್ಲಿ ಪಳಗಿದ ಅವನ ಕಣ್ಣು ನಮ್ಮ ಕಣ್ಣಿಗಿಂತ ಚುರುಕಾಗಿದೆ.