ಹುರಿದ ಕಾಫಿ ಬೀಜಗಳ ಅನಿಲ ಬಿಡುಗಡೆ

ಹುರಿದ ಕಾಫಿ ಬೀಜಗಳ ಅನಿಲ ಬಿಡುಗಡೆ ಎಂದರೆ ಹುರಿಯುವಾಗ ಬೀಜದೊಳಗೆ ಉಂಟಾದ ಇಂಗಾಲದ ಡೈಆಕ್ಸೈಡ್ ಕ್ರಮೇಣ ಹೊರಬರುವ ಪ್ರಕ್ರಿಯೆ. ಇದಕ್ಕೆ ಅವಕಾಶ ನೀಡಲು ಬೀಜಗಳನ್ನು ಹುರಿದ ಬಳಿಕ ಕೆಲವು ದಿನ ಬಳಸದೆ ಇಡಲಾಗುತ್ತದೆ.

ಕಾರಣ

ಹಸಿ ಬೀಜವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಉಷ್ಣತೆಯವರೆಗೆ ಹುರಿದಾಗ ಅದರಲ್ಲಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ವರ್ತಿಸಿ ಬಣ್ಣ, ಪರಿಮಳ ಹಾಗೂ ಅನಿಲಗಳನ್ನು ಉಂಟುಮಾಡುತ್ತವೆ. ಅನಿಲದ ಒಂದು ಭಾಗ ಬೀಜದ ಸೂಕ್ಷ್ಮ ರಂಧ್ರಗಳಲ್ಲಿ ಉಳಿಯುತ್ತದೆ. ಮೊದಲ ದಿನಗಳಲ್ಲಿ ವೇಗವಾಗಿ, ನಂತರ ನಿಧಾನವಾಗಿ ಅದು ಹೊರಹೋಗುತ್ತದೆ. ಕಡುಹುರಿದ ಬೀಜ ಹೆಚ್ಚು ರಂಧ್ರಮಯವಾದ್ದರಿಂದ ಅನಿಲವನ್ನು ಬೇಗ ಬಿಡುತ್ತದೆ.

ಪರಿಣಾಮ

ಅನಿಲ ಅತಿಯಾಗಿದ್ದರೆ ಬಿಸಿನೀರು ಸುರಿದೊಡನೆ ಪುಡಿ ನೊರೆಯಾಗಿ ಉಬ್ಬುತ್ತದೆ. ನೀರು ಪುಡಿಯೊಳಗೆ ಸಮನಾಗಿ ಇಳಿಯದೆ ರುಚಿ ತೆಳುವಾಗುತ್ತದೆ. ಸಾಮಾನ್ಯವಾಗಿ ಸೋಸುವ ಕಾಫಿಗೆ 4ರಿಂದ 7 ದಿನ, ಎಸ್ಪ್ರೆಸೊಗೆ 7ರಿಂದ 14 ದಿನ ಕಾಯುವುದುಂಟು. ಇವು ನಿಯಮಗಳಲ್ಲ; ಬೀಜ ಹಾಗೂ ಹುರಿತಕ್ಕೆ ಅನುಗುಣವಾಗಿ ಅವಧಿ ಬದಲಾಗುತ್ತದೆ. ತೀರಾ ತಡವಾದರೆ ಆಮ್ಲಜನಕದ ಸಂಪರ್ಕದಿಂದ ಪರಿಮಳ ಕುಂದಿ, ಎಣ್ಣೆಯಂಶ ಕಮಟುತ್ತದೆ.

ಕರ್ನಾಟಕದಲ್ಲಿ

ಭಾರತದ ಕಾಫಿಯ ಸುಮಾರು ಶೇ. 70ರಷ್ಟನ್ನು ಕರ್ನಾಟಕ ಉತ್ಪಾದಿಸುತ್ತದೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಮುಖ್ಯ ಬೆಳೆ ಪ್ರದೇಶಗಳು. ರಾಜ್ಯದ ಅನೇಕ ಕಾಫಿಪುಡಿ ಅಂಗಡಿಗಳಲ್ಲಿ ಬೀಜವನ್ನು ಹುರಿದು, ಗಿರಾಕಿಯ ಎದುರೇ ಬೀಸಿ, ಬೇಕಾದಷ್ಟು ಚಿಕೋರಿ ಬೆರೆಸಿ ಕೊಡುವ ಪದ್ಧತಿಯಿದೆ. ಬೀಸಿದಾಗ ಅನಿಲದ ಬಹುಪಾಲು ಬೇಗನೆ ಹೊರಹೋಗುವುದರಿಂದ ಡಿಕಾಕ್ಷನ್‌ಗೆ ಬಳಸುವ ಪುಡಿಗೆ ದೀರ್ಘ ಕಾಯುವಿಕೆ ಬೇಕಿಲ್ಲ. ಆದರೆ ಪುಡಿಯ ಪರಿಮಳವೂ ಅಷ್ಟೇ ಬೇಗ ನಶಿಸುತ್ತದೆ.

ಶೇಖರಣೆ

ಶಾಖ ಹೆಚ್ಚಿದಷ್ಟೂ ಅನಿಲ ಬಿಡುಗಡೆ ಮತ್ತು ಹಳಸುವಿಕೆ ಎರಡೂ ಚುರುಕಾಗುತ್ತವೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿಯಂತಹ ಬಿಸಿಲಿನ ಊರುಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ಮಲೆನಾಡಿನಿಂದ ತಂದ ಬೀಜವನ್ನು ಸ್ವಲ್ಪ ಸ್ವಲ್ಪವಾಗಿ ಕೊಂಡು, ಬಿಸಿಲು ಮತ್ತು ಒಲೆಯಿಂದ ದೂರವಿಡುವುದು ಸೂಕ್ತ. ಆಗತಾನೆ ಹುರಿದ ಬೀಜವನ್ನು ಗಾಳಿಯಾಡದ ಚೀಲದಲ್ಲಿ ತುಂಬಿ ಮುಚ್ಚಿದರೆ ಒತ್ತಡದಿಂದ ಚೀಲ ಉಬ್ಬಬಹುದು ಅಥವಾ ಒಡೆಯಬಹುದು. ಆದ್ದರಿಂದ ಅನಿಲವನ್ನು ಹೊರಗೆ ಮಾತ್ರ ಬಿಡುವ ಏಕಮುಖ ಕವಾಟವುಳ್ಳ ಚೀಲಗಳನ್ನು ಬಳಸಲಾಗುತ್ತದೆ.